ಅವಳ ಪಾಲಿನ ಗುಡ್ಡಗಳು

ಟೆಂಟಿನ ಬಟ್ಟೆಯ ಮೇಲೆ ಬೆಳಕು ಇನ್ನೂ ಬೂದಿಬಣ್ಣದಲ್ಲಿರುವಾಗಲೇ ಅವನಿಗೆ ಎಚ್ಚರವಾಗುತ್ತಿತ್ತು. ಎಚ್ಚರವಾದದ್ದೇ ತಡ, ಕಣ್ಣಿಗಿಂತ ಮೊದಲು ಕಿವಿ ತನ್ನ ಕೆಲಸಕ್ಕೆ ಹೊರಟುಬಿಡುತ್ತಿತ್ತು. ಪಕ್ಕದಲ್ಲಿ ಮಲಗಿದ ಹೆಂಡತಿಯ ಉಸಿರು ಒಳಗೆ ಹೋಗುವಾಗ ಎಲ್ಲಿ ತಡೆಯುತ್ತದೆ, ಹೊರಗೆ ಬರುವಾಗ ತುದಿಯಲ್ಲಿ ಆ ಹಳೆಯ ಸಿಳ್ಳು ಇದೆಯೋ ಇಲ್ಲವೋ ಎಂದು ಆಲಿಸದೆ ಅವನ ದಿನ ಶುರುವಾಗುವಂತಿರಲಿಲ್ಲ. ಆ ದಿನವೂ ಆಲಿಸಿದ. ಸಿಳ್ಳು ಇರಲಿಲ್ಲ. ಈ ಬೇಸಿಗೆಯಲ್ಲಿ ಒಂದು ದಿನವೂ ಇರಲಿಲ್ಲ. ಎಣ್ಣೆ ಹಾಕಿದ ರಾಟೆಯ ಹಾಗೆ ಉಸಿರು ಸಲೀಸಾಗಿ ಇಳಿಯುತ್ತ ಏರುತ್ತ ಇತ್ತು. ಹೊರಗೆ ಹೊಳೆ ತನ್ನ ಪಾಡಿಗೆ ತಾನು ಕಲ್ಲುಗಳ ಜೊತೆ ವಾದ ಮಾಡುತ್ತಿತ್ತು. ಸಂತೋಷಪಡಬೇಕಾದ ಮನುಷ್ಯ ಸಂತೋಷವನ್ನೇ ಪಟ್ಟ. ಆದರೆ ಆ ಸಂತೋಷದ ಅಡಿಯಲ್ಲಿ, ಹಾಸಿಗೆಯ ಕೆಳಗೆ ಸಿಕ್ಕಿಕೊಂಡ ಕಲ್ಲಿನ ಹಾಗೆ, ಇನ್ನೇನೋ ಒತ್ತುತ್ತಿತ್ತು. ಕೇಳಿಸಿಕೊಳ್ಳಲು ಇನ್ನೇನೂ ಉಳಿದಿಲ್ಲವಲ್ಲ ಎಂಬ ನಿರಾಸೆ. ಆ ಮಾತು ತಲೆಯಲ್ಲಿ ಮೂಡಿದ ಕೂಡಲೇ ಅವನು, ಯಾರೋ ಬಾಗಿಲು ಬಡಿದರೆನ್ನುವಂತೆ ಎದ್ದು ಕೂತ. ಟೆಂಟಿಗೆ ಬಾಗಿಲಿರಲಿಲ್ಲ, ಜಿಪ್ ಇತ್ತು. ಅವಳಿಗೆ ಎಚ್ಚರವಾಗದಂತೆ ಅದನ್ನು ಹಲ್ಲುಹಲ್ಲಾಗಿ ತೆರೆದು ಹೊರಗೆ ಹೋಗಿ, ಗ್ಯಾಸ್ ಒಲೆ ಹಚ್ಚಿ, ಅವಳು ಮುಖ ತೊಳೆಯುವುದಕ್ಕೆ ನೀರಿಟ್ಟ.

ಹೊಳೆಯ ನೀರು ಅವಳಿಗೆ ಕೂಡದು. ಏರುದಾರಿ ಕೂಡದು. ಊಟವಾದ ಮೇಲೆ ಒಂದು ನಿದ್ದೆ ತಪ್ಪಬಾರದು. ಸಂಜೆಯ ಗಾಳಿಗೆ ಕಿವಿ ಮುಚ್ಚಿಕೊಳ್ಳಬೇಕು. ಇವೆಲ್ಲ ಡಾಕ್ಟರು ಹೇಳಿದ ಮಾತುಗಳೆಂದು ಅವಳು ತಿಳಿದಿದ್ದಳು. ಡಾಕ್ಟರು ಇದರಲ್ಲಿ ಒಂದನ್ನೂ ಹೇಳಿರಲಿಲ್ಲ.

ಡಾಕ್ಟರ ಮಾತನ್ನು ಅವನ ಬಾಯಿಂದ ಕೇಳುವುದು, ಕಾಯಿಲೆ ಬಂದ ಹೊಸತರಲ್ಲಿ ಅವಳೇ ಹಾಕಿಕೊಟ್ಟ ಪದ್ಧತಿ. ಅವಳು ಗ್ರಂಥಾಲಯವೊಂದರಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಬೆನ್ನು ಮುರಿದು ಬಂದ ಪುಸ್ತಕವನ್ನು ಬಿಚ್ಚಿ, ಹಾಳೆಗಳನ್ನು ಮತ್ತೆ ಹೊಲಿದು, ಅಂಟು ಆರುವವರೆಗೆ ಒತ್ತುಯಂತ್ರದಲ್ಲಿಟ್ಟು ಕಾಯುವವಳು. ತನ್ನ ಎದೆಯ ಚಿತ್ರವನ್ನು ದೀಪಕ್ಕೆ ಹಿಡಿದು ಡಾಕ್ಟರು ಬೆರಳಾಡಿಸಿದ ದಿನ ಅವಳು ಗಂಡನ ಕಡೆ ತಿರುಗಿ, "ಇನ್ಮೇಲೆ ಇವರ ಬಾಯಿಂದ ನಾನು ಏನೂ ಕೇಳಲ್ಲ. ನೀವು ಕೇಳಿಸ್ಕೊಳ್ಳಿ. ಹೊರಗೆ ಬಂದು ನಿಮ್ಮ ಬಾಯಲ್ಲಿ ಹೇಳಿ," ಅಂದಿದ್ದಳು. ಅಂದಿನಿಂದ ಪ್ರತಿ ಸಲವೂ ಅವನು ಒಳಗೆ ಕೂರುತ್ತಿದ್ದ, ಅವಳು ಹಸಿರು ಬಣ್ಣ ಬಳಿದ ಗೋಡೆಗೆ ತಲೆಯಾನಿಸಿ ಬೆಂಚಿನ ಮೇಲೆ ಕಾಯುತ್ತಿದ್ದಳು. ಕೇಳಿದ್ದನ್ನು ಅವನು ಹೊತ್ತು ತರುತ್ತಿದ್ದ. ತರುವ ದಾರಿಯಲ್ಲಿ ಅಷ್ಟಿಷ್ಟು ಇಳಿಸಿ, ಹೊರಲಾರದವಳಿಗೆ ಹೊರಲಾಗುವಷ್ಟನ್ನೇ ಕೊಡುತ್ತಿದ್ದ. ಕಟ್ಟಕಡೆಯ ಸಲ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮುಗೀತು. ಇನ್ನು ಇಲ್ಲಿಗೆ ಬರೋದು ಬೇಡ. ಎಲ್ಲರ ಹಾಗೇ ಇರಲಿ. ಗುಡ್ಡ ಹತ್ತಲಿ, ಈಜಲಿ, ಗಂಟಲು ಹರಿಯೋ ಹಾಗೆ ಹಾಡಲಿ," ಅಂದರು. ಅವನು ಕೈಮುಗಿದ. ಮುಗಿದ ಕೈಗಳನ್ನು ಕೆಳಗಿಳಿಸಿದ ಮೇಲೆ ಅವನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಔಷಧಿಯ ಚೀಲವಿಲ್ಲ, ನೀರಿನ ಬಾಟಲಿಯಿಲ್ಲ, ಹಿಡಿದು ಏಳಿಸಬೇಕಾದ ಮೊಣಕೈಯಿಲ್ಲ. ಹೊರಗೆ ಬಂದಾಗ ಬೆಂಚಿನಿಂದ ಅವಳು ಮುಖವೆತ್ತಿ, "ಏನಂದ್ರು?" ಅಂದಳು. ಬಾಯಿಗೆ ಬಂದದ್ದು ಇದು: "ಎಲ್ಲ ಚೆನ್ನಾಗಿದೆ ಅಂದ್ರು. ಆದ್ರೆ ಈ ಬೇಸಿಗೆ ಒಂಚೂರು ಜೋಪಾನ." ಆ ಎರಡನೆಯ ಮಾತು ಎಲ್ಲಿಂದ ಬಂತು ಎಂದು ಅವನು ತನ್ನನ್ನು ತಾನೇ ಕೇಳಿಕೊಳ್ಳುವಷ್ಟರಲ್ಲಿ ಅವಳ ಕೈ ವಾಡಿಕೆಯಂತೆ ಮೇಲೆದ್ದು ಅವನ ಕೈಗಾಗಿ ಗಾಳಿಯಲ್ಲಿ ಕಾಯುತ್ತಿತ್ತು, ಅವನ ಕೈಗೆ ಜಾಗ ಸಿಕ್ಕಿತ್ತು.

ಇದನ್ನು ಬೇರೆ ಯಾರಾದರೂ ಮಾಡಿದ್ದರೆ ಅದೊಂದು ಮಾತು. ಅವನು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಮಖಮಲ್ಲಿನ ಗೂಡುಗಳಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳನ್ನಿಟ್ಟ ಪೆಟ್ಟಿಗೆ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋಗುವವನು. ತಟ್ಟೆಯ ಅಡಿಗೆ ಅಂಟಿಸಿದ ಅಯಸ್ಕಾಂತ, ಒಳಗಿನ ಸೀಸ ಕೆರೆದು ಟೊಳ್ಳು ಮಾಡಿದ ಬಟ್ಟು, ಮಾತಾಡಿಸುತ್ತ ತಟ್ಟೆಯಂಚಿಗೆ ಮೆಲ್ಲಗೆ ಒರಗುವ ಹೆಬ್ಬೆರಳು, ಎಲ್ಲವನ್ನೂ ಕಂಡವನು. ತಕ್ಕಡಿ ನೋಡಬೇಡ, ಅಂಗಡಿಯವನ ಹೆಬ್ಬೆರಳು ನೋಡು ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳಿಕೊಡುವವನೂ ಅವನೇ. ಅಂಥವನು ಮನೆಯ ತಕ್ಕಡಿಗೆ ಸ್ವಂತ ಹೆಬ್ಬೆರಳು ಒರಗಿಸಿ, ಅದನ್ನು ಎತ್ತುವ ಘಳಿಗೆ ಯಾವುದೆಂದು ತಿಳಿಯದೆ, ಟೆಂಟು, ಗಾಳ, ಮಡಚುವ ಕುರ್ಚಿ ಎಲ್ಲವನ್ನೂ ಕಾರಿಗೆ ತುಂಬಿಕೊಂಡು ಹೆಂಡತಿಯನ್ನು ಗುಡ್ಡದ ಸೀಮೆಗೆ ಕರೆತಂದಿದ್ದ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಆದರೆ ಮೇಯುವ ಬೇಲಿಗೆ ರಾತ್ರಿಯೆಲ್ಲ ಹೊಟ್ಟೆನೋವೂ ಬರುತ್ತದೆ ಎಂಬುದನ್ನು ಗಾದೆ ಕಟ್ಟಿದವರು ಹೇಳಿಲ್ಲ.

"ನೀರು ಕಾದಿದ್ಯಾ?" ಎಂದು ಅವಳು ಟೆಂಟಿನೊಳಗಿಂದಲೇ ಕೇಳಿದಳು.

"ಆಗಿದೆ, ಬಾ. ಶಾಲು ಹೊದ್ಕೋ."

"ಬೆವರ್ತಿದ್ದೀನಿ ರೀ."

"ಬೆವರಿಗೆ ಗಾಳಿ ತಾಗಿದ್ರೆ ಇನ್ನೂ ಕೆಟ್ಟದ್ದು," ಎಂದ ಅವನು, ಅಷ್ಟು ನಿರಾಯಾಸವಾಗಿ. ಬಿಸಿನೀರಿನ ಹಬೆಯ ಹಿಂದೆ ಅವಳ ಮುಖ ಕಾಣಿಸಿತು. ಕೆನ್ನೆಗೆ ಬಣ್ಣ ಬಂದಿತ್ತು, ಕುತ್ತಿಗೆ ತುಂಬಿಕೊಂಡಿತ್ತು. ಆಸ್ಪತ್ರೆಯ ದಿಂಬಿನ ಮೇಲಿದ್ದ, ಅವನಿಗೆ ಗೆರೆಗೆರೆಯೂ ಗೊತ್ತಿದ್ದ ಆ ಮುಖ ದಿನಕ್ಕಿಷ್ಟಿಷ್ಟು ಅಳಿಸಿಹೋಗಿ ಅದರ ಕೆಳಗಿನಿಂದ ಇನ್ನೊಬ್ಬಳು ಎದ್ದು ಬರುತ್ತಿದ್ದಳು. ಆ ಇನ್ನೊಬ್ಬಳು ಅವನು ಮದುವೆಯಾದವಳೇ, ಹಳಬಳೇ. ಆದರೂ ಅವಳೆದುರು ಅವನಿಗೆ, ಬಹುಕಾಲ ಬೇರೆ ಊರಿಗೆ ವರ್ಗವಾಗಿ ಹೋಗಿ ಬಂದ ನೌಕರನ ಹಾಗೆ, ತನ್ನ ಮೇಜು ಯಾವುದೆಂದು ಹುಡುಕುವ ಮುಜುಗರವಾಗುತ್ತಿತ್ತು.

ಗುಡ್ಡಗಳನ್ನೂ ಅವರು ಅದೇ ಪದ್ಧತಿಯಲ್ಲಿ ನೋಡಿದ್ದರು. ಗುಹೆಗೆ ಹೋದಾಗ ಅವಳು ಬಾಯಿಯ ಬಳಿ ಕೂತಳು, ಅವನು ಒಳಗೆ ಹೋಗಿ ಬಂದು ಹೇಳಿದ. ಜಲಪಾತದಲ್ಲಿ ಮೆಟ್ಟಿಲುಗಳ ಬುಡದಲ್ಲಿ ಅವಳು, ತುದಿಯಲ್ಲಿ ಅವನು. ಮೊನ್ನೆ ಕಣಿವೆಯ ನೆತ್ತಿಯಲ್ಲಿರುವ ದೊಡ್ಡ ಬಂಡೆಗೆ ಹೋದಾಗ ಕಾರು ನಿಲ್ಲಿಸುವ ಜಾಗದಲ್ಲಿ ಚಹಾದ ಲೋಟ ಹಿಡಿದು ಅವಳು ಕೂತಿದ್ದಳು. ಅವಳಿಗಿಂತ ವಯಸ್ಸಾದ ಹೆಂಗಸರು ಕೋಲೂರಿಕೊಂಡು, ಏದುಸಿರು ಬಿಡುತ್ತ, ನಗುತ್ತ ಅವಳನ್ನು ದಾಟಿ ಹತ್ತುತ್ತಿದ್ದರು. ಅವರಲ್ಲೊಬ್ಬಳು, "ಬರಲ್ವೇನಮ್ಮ?" ಅಂದಾಗ ಉತ್ತರ ಕೊಟ್ಟವನು ಅವನೇ: "ಇಲ್ಲ, ಅವಳು ಹತ್ತೋ ಹಾಗಿಲ್ಲ." ಆ ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎಲ್ಲಿ ಕುಂದಿದೆ ಎಂದು ತಿಳಿಯದೆ, ಪಾಪ ಅನ್ನುವ ಮುಖ ಮಾಡಿ ಮುಂದೆ ಹೋಗಿದ್ದಳು. ಅವನು ಇಳಿದು ಬಂದಾಗ ಅವಳು, "ಏನಿತ್ತು ಮೇಲೆ?" ಎಂದು, ಆಸ್ಪತ್ರೆಯ ಬೆಂಚಿನ ಮೇಲೆ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದಳು. ಅವನಿಗೆ ಕಂಡದ್ದನ್ನು ಹೇಳಲಾಗಲಿಲ್ಲ. "ಏನಿಲ್ಲ. ಬರೀ ಮಂಜು," ಅಂದ. ಇಳಿಸಿ ಕೊಡುವುದು ಕೈಗೆ ಅಷ್ಟು ಒಗ್ಗಿಹೋಗಿತ್ತು. ಹೊರಲಾರದಷ್ಟು ದುಃಖವನ್ನು ಇಳಿಸುತ್ತಿದ್ದವನು ಈಗ ಹೊರಲಾರದಷ್ಟು ಚೆಲುವನ್ನೂ ಇಳಿಸುತ್ತಿದ್ದ.

ಬಿಸಿಲು ಹೊಳೆಗೆ ಇಳಿದ ಮೇಲೆ ಇಬ್ಬರೂ ಗಾಳ ಹಿಡಿದು ದಡದಲ್ಲಿ ಕೂತರು. ಮೀನು ಹಿಡಿಯುವುದು ಕೂತು ಮಾಡುವ ಕೆಲಸವಾದ್ದರಿಂದ ಅದೊಂದು ಅವಳಿಗೆ ಪೂರ್ತಿಯಾಗಿ ದಕ್ಕಿತ್ತು. ನೂಲಿಗೆ ಗಾಳದ ಮುಳ್ಳು ಕಟ್ಟುವುದನ್ನು ಅವಳು ಬೆರಳಿಗೆ ಕಣ್ಣಿದ್ದವರಂತೆ, ಬೇರೆಲ್ಲೋ ನೋಡುತ್ತ ಮಾಡುತ್ತಿದ್ದಳು. ಅವನ ಗಂಟುಗಳು ಬಿಚ್ಚಿಕೊಳ್ಳುತ್ತಿದ್ದವು. "ಕೊಡಿ ಇಲ್ಲಿ," ಎಂದು ಕಿತ್ತುಕೊಂಡು, "ಇದು ಗಂಟಲ್ಲ, ಸರ್ಕಾರಿ ಮುದ್ರೆ. ನೋಡೋಕೆ ಜೋರು, ಎಳೆದ್ರೆ ಇಲ್ಲ," ಅಂದಳು. ಅವನು ನಕ್ಕ. ಹಿಂದೆಲ್ಲ ಹೀಗೆ ಕುಟುಕಿದರೆ ಅವನೂ ಒಂದು ತಿರುಗಿಸಿ ಕೊಡುತ್ತಿದ್ದ, ಅದಕ್ಕೆ ಅವಳು ಇನ್ನೊಂದು, ಹೀಗೆ ಮಧ್ಯಾಹ್ನದ ಊಟದವರೆಗೂ ನಡೆಯುತ್ತಿತ್ತು. ಈಗ ಅವನು ಬರೀ ನಗುತ್ತಿದ್ದ. ಕಾಯಿಲೆಯವರಿಗೆ ಯಾರೂ ಎದುರು ಮಾತಾಡುವುದಿಲ್ಲ.

ಅವಳ ದಾರ ಒಮ್ಮೆಗೇ ಬಿಗಿಯಿತು. ಗಾಳದ ಕೋಲು ಬಿಲ್ಲಾಗಿ ಬಾಗಿ, ಕುರ್ಚಿ ಹಿಂದಕ್ಕೆ ಮಗುಚಿ, ಅವಳು ಎದ್ದು ನಿಂತಳು. ಮೀನು ನಡುಹೊಳೆಗೆ ಎಳೆಯುತ್ತಿತ್ತು. "ಬಿಡು, ದಾರ ಬಿಡು, ಕೋಲು ನನಗೆ ಕೊಡು," ಎಂದು ಅವನು ಕೈ ಚಾಚಿದ, ಅವಳು ಕೊಡಲಿಲ್ಲ. ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು, ಮೂರನೆಯದು ನೀರಿನಲ್ಲಿತ್ತು. "ನೀರಿಗಿಳೀಬೇಡ, ಡಾಕ್ಟರು..." ಎಂದು ಅವನು ಕೂಗಿದ, ಮುಂದಿನದನ್ನು ಹೊಳೆ ನುಂಗಿತು. ಮಂಡಿಯವರೆಗೆ, ತೊಡೆಯವರೆಗೆ ಆ ಹಿಮದಂಥ ನೀರಿನಲ್ಲಿ ಇಳಿದು, ಕಲ್ಲಿನಿಂದ ಕಲ್ಲಿಗೆ ಕಾಲು ತಡಕುತ್ತ, ಹಲ್ಲು ಕಚ್ಚಿ, ಎಳೆದು ಬಿಟ್ಟು ಎಳೆದು ಬಿಟ್ಟು, ಕೊನೆಗೆ ಅವಳು ಮೀನನ್ನು ಆಳವಿಲ್ಲದ ಜಾಗಕ್ಕೆ ತಂದು ಎರಡು ಕೈಯಿಂದ ಅಪ್ಪಿಕೊಂಡಳು. ತೋಳುದ್ದದ ಮೀನು. ಅದರ ಪಕ್ಕೆಗಳ ಮೇಲೆ ಯಾರೋ ಕುಂಚ ಕೊಡವಿದಂತೆ ಕೆಂಪು ಚುಕ್ಕಿಗಳು. ಅವಳು ನಗುತ್ತಿದ್ದಳು, ನಗುವಿಗೆ ಉಸಿರು ಸಾಲುತ್ತಿತ್ತು, ಮಿಕ್ಕು ಉಳಿಯುತ್ತಿತ್ತು.

ದಡಕ್ಕೆ ಬಂದ ಮೇಲೆ ನಗು ನಿಂತಿತು. ಅವನು ಟವೆಲ್ ಹಿಡಿದು ಮಂಡಿಯೂರಿ ಅವಳ ಕಾಲುಗಳನ್ನು ಕೆಂಪಗಾಗುವಂತೆ ಉಜ್ಜುತ್ತಿರಲು ಅವಳು ಅವನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಅಂದಳು: "ತಪ್ಪು ಮಾಡಿದೆ ಅಲ್ವಾ ನಾನು? ಗೊತ್ತಾಗ್ಲೇ ಇಲ್ಲ, ಇಳಿದುಬಿಟ್ಟೆ. ನೀವು ಇಷ್ಟು ಕಷ್ಟಪಟ್ಟು ನೋಡ್ಕೊಂಡು, ನಾನು ಒಂದು ಮೀನಿಗೋಸ್ಕರ... ಏನಾದ್ರೂ ಆದ್ರೆ ನನ್ನದೇ ತಪ್ಪು. ಡಾಕ್ಟರ ಹತ್ರ ನನ್ನ ಮೇಲೇ ಹಾಕಿ."

ಅವನು ತಲೆ ಎತ್ತಲಿಲ್ಲ. ಕಾಲು ಒಣಗಿದ ಮೇಲೂ ಉಜ್ಜುತ್ತಲೇ ಇದ್ದ. ಇಲ್ಲದ ನಿಯಮವೊಂದನ್ನು ಮುರಿದದ್ದಕ್ಕಾಗಿ ಅವಳು ಕ್ಷಮೆ ಕೇಳುತ್ತಿದ್ದಳು. ಅದನ್ನು ಕಟ್ಟಿದವನು ಅವಳ ಪಾದ ಹಿಡಿದುಕೊಂಡು ಕೂತಿದ್ದ. ನೋಡಿದವರು ಎಂಥ ಗಂಡ ಅಂದಾರು. ಬಿಸಿ ತುಪ್ಪ ಗಂಟಲಲ್ಲಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. "ಏನಾಗಲ್ಲ ಬಿಡು," ಎಂದಷ್ಟೇ ಹೇಳಿದ.

"ನಿಮಗೆ ಹೇಗೆ ಗೊತ್ತು?" ಅಂದಳು ಅವಳು, ಮುಗ್ಧವಾಗಿ.

ಮೀನನ್ನು ಹೊತ್ತುಕೊಂಡು ಕ್ಯಾಂಪಿನ ಅಂಗಡಿಗೆ ಹೋದರು. ಬ್ರೆಡ್ಡು, ಬೆಂಕಿಪೊಟ್ಟಣ, ಎರೆಹುಳು, ತಲೆನೋವಿನ ಮಾತ್ರೆ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಮಾರುವ ಅಂಗಡಿ ಅದು. ಅದನ್ನು ನೋಡಿಕೊಳ್ಳುತ್ತಿದ್ದ ದಪ್ಪ ಹೆಂಗಸನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ಜಗಲಿಯ ತೊಲೆಗೆ ಒಂದು ಕೊಕ್ಕೆ ತಕ್ಕಡಿ ತೂಗುಬಿದ್ದಿತ್ತು, ಅದರ ಪಕ್ಕದಲ್ಲಿ ಈ ಬೇಸಿಗೆಯ ದೊಡ್ಡ ಮೀನುಗಳ ತೂಕ ಬರೆಯುವ ಕರಿಹಲಗೆ. ಬಂದ ದಿನವೇ ಅವನ ಕಣ್ಣಿಗೆ ಬಿದ್ದಿತ್ತು: ಕೊಕ್ಕೆಯಲ್ಲಿ ಏನೂ ಇಲ್ಲದಾಗಲೂ ಮುಳ್ಳು ಸೊನ್ನೆಯ ಮೇಲೆ ನಿಲ್ಲದೆ ಆಚೆಗೆ ಸರಿದು ನಿಂತಿತ್ತು. ರಜೆ ಎಂದು ಸುಮ್ಮನಿದ್ದ. ಸುಮ್ಮನಿರಲು ಬೇರೆ ಕಾರಣವೂ ಇತ್ತು, ಅದು ಅವನ ಹೆಬ್ಬೆರಳಿಗೆ ಗೊತ್ತಿತ್ತು. ಅವರ ಪಕ್ಕದ ಟೆಂಟಿನ ನಿವೃತ್ತ ಬಸ್ ಡ್ರೈವರು ಚಹಾ ಕುಡಿಯುತ್ತ ಜಗಲಿಯಲ್ಲೇ ಕೂತಿದ್ದ. ಕರಿಹಲಗೆಯ ತುದಿಯಲ್ಲಿದ್ದದ್ದು ಅವನ ಮೀನೇ.

ಅಕ್ಕ ಮೀನನ್ನು ಕೊಕ್ಕೆಗೆ ಸಿಕ್ಕಿಸಿದಳು. ಮುಳ್ಳು ಓಡಿ, ನಡುಗಿ, ನಿಂತಿತು. "ಅಯ್ಯೋ ತಂಗಿ, ಡ್ರೈವರಣ್ಣನ್ನ ಹಿಂದೆ ಹಾಕ್ಬಿಟ್ಟೆ ನೀನು," ಅಂದಳು.

"ಓವರ್‌ಟೇಕ್ ಮಾಡೋವಾಗ ಹಾರ್ನ್ ಹಾಕ್ಬೇಕಮ್ಮ," ಎಂದ ಡ್ರೈವರು. ಆಮೇಲೆ ಲೋಟ ಕೆಳಗಿಟ್ಟು, "ಇರಿ ಇರಿ. ಇವರ ಯಜಮಾನ್ರು ತೂಕದ ಇಲಾಖೆಯವರಲ್ವಾ? ಅವರು ಸರಿ ಅಂದ್ರೆ ಸರಿ. ಸಾಹೇಬ್ರೇ, ಹೇಳಿ, ಸ್ವಂತ ಹೆಂಡತಿ ಮೀನು ಅಂತ ಮುಖ ನೋಡ್ಬೇಡಿ," ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಅವನು ತನ್ನ ಹೆಬ್ಬೆರಳನ್ನು ನೋಡಿಕೊಂಡ. ಅವಳು ತಿರುಗಿ ನೋಡಿದಳು. ಒದ್ದೆ ಕೂದಲು ಹಣೆಗೆ ಅಂಟಿತ್ತು. "ಹೇಳಿ, ಸರಿ ಇದ್ಯಾ?" ಅಂದಳು. ಏನಂದ್ರು, ಏನಿತ್ತು ಎಂದು ಕೇಳುವ ದನಿಯಲ್ಲ ಇದು. ಉತ್ತರ ಏನೇ ಬರಲಿ ನಿಂತು ಕೇಳುತ್ತೇನೆ ಅನ್ನುವವಳ ದನಿ. ಈ ದನಿಗೆ ಇಳಿಸಿ ಕೊಡಲು ಅವನಿಂದಾಗಲಿಲ್ಲ.

"ಸರಿ ಇಲ್ಲ," ಅಂದ. "ಮುಳ್ಳು ಮೊದಲೇ ಮುಂದಿದೆ. ಕಾಲು ಕಿಲೋ ಜಾಸ್ತಿ ತೋರಿಸುತ್ತೆ."

ಅಕ್ಕ ಸೊಂಟದ ಮೇಲೆ ಕೈಯಿಟ್ಟು, "ಅದು ನನಗೂ ಗೊತ್ತು ಸಾಹೇಬ್ರೇ. ಅದು ವ್ಯಾಪಾರದ ತಕ್ಕಡಿ ಅಲ್ಲ, ಸಂತೋಷದ ತಕ್ಕಡಿ. ದೂರದಿಂದ ಬಂದು ಬಿಸಿಲಲ್ಲಿ ಒಣಗಿ ಒಂದು ಮೀನು ಹಿಡೀತಾರೆ. ಕಾಲು ಕಿಲೋ ನನ್ನ ಲೆಕ್ಕದಲ್ಲಿ ಇರ್ಲಿ ಅಂತ ಬಿಟ್ಟಿದ್ದೀನಿ," ಅಂದಳು.

ಆ ಮಾತಿನಲ್ಲಿ ಅವನಿಗೆ ತನ್ನದೇ ಒಳಗಿನ ವಾದ ಕೇಳಿಸಿತು, ಸೊಂಟದ ಮೇಲೆ ಕೈಯಿಟ್ಟುಕೊಂಡು. ಆದರೆ ಅಕ್ಕ ಕೊಟ್ಟದ್ದು ಹೆಚ್ಚಿಗೆ, ತಾನು ಕೊಟ್ಟದ್ದು ಕಡಿಮೆ. ಆ ವ್ಯತ್ಯಾಸ ಹೊಳೆದದ್ದೇ ಅವನು ತಡವರಿಸುತ್ತ, "ಅಲ್ಲ, ಅದರಿಂದ ತೊಂದರೆಯಿಲ್ಲ. ಹಲಗೆ ಮೇಲಿನ ಎಲ್ಲ ಮೀನೂ ಇದೇ ತಕ್ಕಡಿಯಲ್ಲಿ ತೂಗಿದ್ದು. ಎಲ್ಲಕ್ಕೂ ಕಾಲು ಕಿಲೋ ಸೇರಿದೆ. ಎಲ್ಲದರಿಂದ ಕಳೆದ್ರೂ ಇವಳ ಮೀನೇ ದೊಡ್ಡದು," ಅಂದ. ಡ್ರೈವರು ತೊಡೆ ತಟ್ಟಿ ನಕ್ಕ. "ಅಂದ್ರೆ ನನ್ನ ಮೀನಿನಿಂದ್ಲೂ ಕಾಲು ಕಿಲೋ ಕಿತ್ಕೊಂಡ್ರಿ, ಮೊದಲ್ನೇ ಜಾಗಾನೂ ಕಿತ್ಕೊಂಡ್ರಿ. ಸರ್ಕಾರ ಅಂದ್ರೆ ಇದು," ಅಂದ.

ಹಿಂದಕ್ಕೆ ಬರುವ ಕಾಲುದಾರಿಯಲ್ಲಿ ಅವಳು ಮೀನನ್ನು ಕಿವಿರಿಗೆ ಬೆರಳು ತೂರಿಸಿ ಹಿಡಿದು, ಖುಷಿಯಲ್ಲಿ ಕೈ ಬೀಸುತ್ತ ನಡೆದಳು. ದಾರಿ ತುಸು ಏರಿತ್ತು. ಅವಳಿಗೆ ಅದರ ಪರಿವೆಯಿರಲಿಲ್ಲ, ಅವನಿಗಿತ್ತು. "ನಾನು ಹೆದರಿದ್ದೆ," ಅಂದಳು. "ಎಲ್ಲಿ ನನ್ನ ಮನಸ್ಸು ನೋಯುತ್ತೆ ಅಂತ ಸರಿ ಇದೆ ಅಂದುಬಿಡ್ತೀರೋ ಅಂತ. ಇಲ್ಲ, ನೀವು ಅಂಥವರಲ್ಲ. ಅದೊಂದೇ ನನಗೆ ಧೈರ್ಯ. ಆಸ್ಪತ್ರೆಯಲ್ಲಿ ಎಲ್ಲರೂ ಸುಳ್ಳು ನಗ್ತಿದ್ರು, ನರ್ಸುಗಳು, ನಮ್ಮ ಅತ್ತಿಗೆ, ಎಲ್ಲರೂ. ನಾನು ನಿಮ್ಮ ಮುಖ ನೋಡ್ತಿದ್ದೆ. ಇವರು ಹೇಳಿದ್ದು ಮಾತ್ರ ಮುದ್ರೆ ಹಾಕಿದ ಬಟ್ಟು ಅಂದ್ಕೊಳ್ತಿದ್ದೆ."

ಬೈದಿದ್ದರೆ ತಾಳಿಕೊಳ್ಳುತ್ತಿದ್ದ. ಹೊಗಳಿಕೆ ಮೂಳೆಗೆ ಇಳಿಯಿತು. ಅವನು ದಾರಿಯ ನಡುವೆ ನಿಂತುಬಿಟ್ಟ, ಅವಳು ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿದಳು. ಅವಳ ಹಿಂದೆ ಗುಡ್ಡಗಳು ಒಂದರ ಹೆಗಲ ಮೇಲಿಂದ ಒಂದು ಇಣುಕಿ ನೋಡುತ್ತಿದ್ದವು, ಈಗ ಏನು ಹೇಳುತ್ತಾನೆ ನೋಡೋಣ ಅನ್ನುವ ಹಾಗೆ.

"ಡಾಕ್ಟರು ಏನೂ ಹೇಳಲಿಲ್ಲ," ಅಂದ.

"ಯಾವ ಡಾಕ್ಟರು?"

"ಜೋಪಾನ ಅಂತ ಹೇಳಲಿಲ್ಲ. ತಣ್ಣೀರು ಬೇಡ, ಹತ್ತಬೇಡ, ಮಲಗು, ಯಾವುದನ್ನೂ ಹೇಳಲಿಲ್ಲ. ಎಲ್ಲರ ಹಾಗೇ ಇರಲಿ ಅಂದ್ರು. ಈಜಲಿ ಅಂದ್ರು. ನಾನೇ ಸೇರಿಸಿದ್ದು."

ಅವಳು ಅವನನ್ನು ನೋಡಿದಳು. ಬಿಚ್ಚಿದ ಪುಸ್ತಕದಲ್ಲಿ ಹಾಳೆಗಳು ಯಾವ ಕ್ರಮದಲ್ಲಿದ್ದವೆಂದು ಗೊತ್ತುಮಾಡಿಕೊಳ್ಳುವವಳ ನೋಟ ಅದು, ಸಿಟ್ಟಿಗಿಂತ ಮುಂಚಿನದು. ಹೊಳೆಯ ಸದ್ದು ಇಲ್ಲಿಯವರೆಗೂ ಬರುತ್ತಿತ್ತು. ಎಲ್ಲೋ ಒಂದು ಹಕ್ಕಿ ಒಂದೇ ಪ್ರಶ್ನೆಯನ್ನು ಬಿಡದೆ ಕೇಳುತ್ತಿತ್ತು.

"ಆ ಗುಹೆ?" ಅಂದಳು.

"ಹೋಗಬಹುದಿತ್ತು."

"ಜಲಪಾತದ ಮೆಟ್ಟಿಲು?"

"ಹತ್ತಬಹುದಿತ್ತು."

"ಮೊನ್ನೆ ಆ ಬಂಡೆ. ಬರೀ ಮಂಜು ಅಂದ್ರಲ್ಲ."

"ಮಂಜಿರಲಿಲ್ಲ."

"ಏನಿತ್ತು?"

ಅವನು ಹೇಳಿದ. ತನಗೆ ಮಾತು ಬಾರದೆ ಹೋಗುತ್ತದೆಂದು ತಿಳಿದಿದ್ದ, ಬಂತು. ಬೆಟ್ಟದ ಸಾಲು ನೀಲಿಯಿಂದ ಇನ್ನೂ ತೆಳುನೀಲಿಗೆ ಹೋಗಿ ಕೊನೆಯದು ಬೆಟ್ಟವೋ ಆಕಾಶವೋ ತಿಳಿಯದಂತಿದ್ದುದು. ಬಹಳ ಕೆಳಗೆ ಒಂದು ಕೆರೆ, ಮೋಡದ ನೆರಳು ಅದರ ಮೇಲೆ ಹಾದುಹೋಗುವಾಗ ಕೆರೆ ಕಣ್ಣು ಮುಚ್ಚಿ ತೆರೆದಂತಾದದ್ದು. ಒಂದು ಹದ್ದು ತನಗಿಂತ ಕೆಳಗೆ ಹಾರುತ್ತಿದ್ದು, ಜೀವಮಾನದಲ್ಲಿ ಮೊದಲ ಸಲ ಹಾರುವ ಹದ್ದಿನ ಬೆನ್ನು ಕಂಡದ್ದು. ಪಕ್ಕದಲ್ಲಿ ನಿಂತ ಅಪರಿಚಿತರಿಗೆ ತಾನು ನೋಡಿ ನೋಡಿ ಎಂದು ತೋರಿಸಿದ್ದು. ಅದನ್ನೂ ಹೇಳಿದ.

ಅವಳು ಕೊನೆಯವರೆಗೆ ಕೇಳಿದಳು. ಆಮೇಲೆ, "ನನ್ನ ಕಣ್ಣಿನ ಪಾಲನ್ನೂ ನೀವೇ ತಿಂದ್ರಿ," ಅಂದು, ತಿರುಗಿ ಬಿರುಸಾಗಿ ಟೆಂಟಿನ ಕಡೆ ನಡೆದಳು. ಅವಳ ಹೆಜ್ಜೆಗೆ ಸಮ ಹಾಕಲು ಅವನು ಓಡಬೇಕಾಯಿತು. ಟೆಂಟಿನ ಮುಂದೆ ಮೀನನ್ನು ಪಾತ್ರೆಗೆ ಎಸೆದು ಅವಳು ಮಾತಾಡತೊಡಗಿದಳು. ನೆರಳಲ್ಲಿ ಇಟ್ಟ ಸಸಿಯ ಹಾಗೆ ಇಟ್ಟಿರಿ ಅಂದಳು. ಯಾರೋ ಅಜ್ಜಿಯರೆಲ್ಲ ನನ್ನ ನೋಡಿ ಪಾಪ ಅಂದು ಹೋದರು ಅಂದಳು. ಮಧ್ಯಾಹ್ನದ ಹೊತ್ತು ನಿದ್ದೆ ಬಾರದೆ ಕಣ್ಣು ಮುಚ್ಚಿದಂತೆ ಮಾಡಿ, ರೆಪ್ಪೆಯ ಸಂದಿನಿಂದ ಟೆಂಟಿನ ಹೊಲಿಗೆ ನೋಡುತ್ತ ಮಲಗಿರುತ್ತಿದ್ದೆ, ನಿಮಗೆ ಬೇಜಾರಾಗದಿರಲಿ ಅಂತ ಅಂದಳು. ಇನ್ನೂ ನನ್ನೊಳಗೆ ಏನೋ ಉಳಿದಿದೆ, ಇವರು ಹೇಳುತ್ತಿಲ್ಲ ಎಂದು ದಿನಾ ಹೆದರುತ್ತಿದ್ದೆ ಅಂದಳು. ಈ ಕಡೆಯದನ್ನು ಹೇಳುವಾಗ ಅವಳ ದನಿ ಬಿರಿಯಿತು. ಅವನಿಗೆ ಇದು ಹೊಳೆದೇ ಇರಲಿಲ್ಲ. ಅವನ ಒಂಚೂರು ಜೋಪಾನ ಅವಳ ಕಿವಿಯಲ್ಲಿ ಅರ್ಧ ಮುಚ್ಚಿಟ್ಟ ಸಾವಾಗಿ ಕೇಳಿಸಿತ್ತು.

"ಹೌದು," ಅಂದ. "ತಪ್ಪಾಯ್ತು. ಹೌದು."

"ಹೌದು ಹೌದು ಅಂತ ತಲೆ ಆಡಿಸ್ಬೇಡಿ. ಆಸ್ಪತ್ರೆಯಲ್ಲೂ ಹೀಗೇ ಆಡಿಸ್ತಿದ್ರಿ. ನಾನು ತಟ್ಟೆ ಎಸೆದ್ರೂ ಹೌದು, ಬೈದ್ರೂ ಹೌದು. ಗೋಡೆ ಜೊತೆ ಎಷ್ಟು ದಿನ ಸಂಸಾರ ಮಾಡ್ಲಿ? ಬಾಯಿ ಇದ್ಯಾ ಇಲ್ವಾ ನಿಮಗೆ?"

ಇತ್ತು. ಅದು ತೆರೆದಾಗ ಅವನೇ ಬೆಚ್ಚಿದ. "ಮತ್ತೇನು ಮಾಡ್ಬೇಕಿತ್ತು?" ಎಂದು ಕೂಗಿದ. "ಮುಗೀತು, ಹೋಗಿ ಅಂದ್ರು ಅವರು. ನಿನಗೆ ಮುಗೀತು. ನನಗೆ? ನಿನ್ನ ಉಸಿರು ಕಾಯ್ತಾ ಕಾಯ್ತಾ ನನ್ನದು ಎಲ್ಲಿಟ್ಟೆ ಅಂತಾನೇ ಮರೆತಿದ್ದೆ. ಒಂದು ದಿನ, ಒಂದೇ ಒಂದು ದಿನ ಕೇಳಿದ್ಯಾ ನೀನು, ನಿಮಗೆ ಹೇಗಿದೆ ಅಂತ? ಎಲ್ಲಾ ನೀವೇ ಕೇಳಿಸ್ಕೊಳ್ಳಿ, ನೀವೇ ಹೇಳಿ. ಹೊರೋ ಕತ್ತೆ ಒಂದು ಬೇಕಿತ್ತು. ಆಮೇಲೆ ಹೊರೆ ಇಳಿಸ್ಕೊಂಡು, ಕತ್ತೆ ಇನ್ನು ಎಲ್ಲಿಗಾದ್ರೂ ಹೋಗ್ಲಿ ಅಂದ್ರೆ ಅದು ಎಲ್ಲಿಗೆ ಹೋಗುತ್ತೆ?"

"ನಾನು ಹೋಗು ಅಂದ್ನಾ?"

"ಅನ್ನೋದೇನು, ದಿನದಿನಾ ಚೆನ್ನಾಗಾಗ್ತಿದ್ದೆಯಲ್ಲ."

ಅವಳು ಬಾಯಿ ತೆರೆದವಳು ಹಾಗೇ ನಿಂತಳು. ಅವನು ಹೇಳಿದ್ದು ಎಂಥ ಮಾತೆಂದು ಅವನಿಗೂ ತಿಳಿಯಿತು. ನೆಲ ಬಿರಿದು ನುಂಗಲಿ ಎಂದು ಕಾದ. ನೆಲ ತೆಪ್ಪಗಿತ್ತು. ಅವಳ ತುಟಿಯ ಒಂದು ತುದಿ ನಡುಗಿತು. ಅಳುವೋ ಅಂದುಕೊಂಡ. ಅಳುವಲ್ಲ. "ಚೆನ್ನಾಗಾದದ್ದಕ್ಕೆ ಬೈಸ್ಕೊಂಡವಳು ಈ ಪ್ರಪಂಚದಲ್ಲಿ ನಾನೊಬ್ಬಳೇ ಇರ್ಬೇಕು," ಅಂದಳು. ಆದರೆ ಅಷ್ಟಕ್ಕೇ ಬಿಡಲಿಲ್ಲ. ಜಗಳ ಈಗಷ್ಟೇ ಕಾಲು ಊರಿತ್ತು. ಎಲ್ಲಿಗೆ ಹೋದರೂ ಕಾರನ್ನು ಬಿಸಿಲಲ್ಲೇ ನಿಲ್ಲಿಸುತ್ತೀರಿ ಅಂದಳು. ನೀನು ದಾರಿ ಹೇಳುವುದು ತಿರುವು ದಾಟಿದ ಮೇಲೆಯೇ ಅಂದ. ಬಾಣಲೆ ತೊಳೆಯುವುದಕ್ಕೆ ಬರುವುದಿಲ್ಲ ಅಂದಳು. ಹಾಡುವಾಗ ಒಂದೇ ಸಾಲನ್ನು ಎಷ್ಟು ಸಲ ಹೇಳುತ್ತೀ ಅಂದ. ನಿಮ್ಮ ತಂಗಿ, ನಿನ್ನ ಅಣ್ಣ, ಇಬ್ಬರೂ ಬಂದು ಹೋದರು. ಇವೆಲ್ಲ ಹಳೆಯ ಅಸ್ತ್ರಗಳು, ಮದುವೆಯಾದ ಮೊದಲ ವರ್ಷದಿಂದ ಒರೆಯಲ್ಲಿದ್ದವು, ಕಾಯಿಲೆಯ ಕಾಲದಲ್ಲಿ ತುಕ್ಕು ಹಿಡಿದಿದ್ದವು. ತೆಗೆದು ಬೀಸಿದಾಗ ಇಬ್ಬರಿಗೂ ತೋಳು ಹಗುರವಾಯಿತು. ಕೊನೆಗೆ ಪಕ್ಕದ ಟೆಂಟಿನೊಳಗಿಂದ ಡ್ರೈವರಿನ ದನಿ ಬಂತು: "ಸಾಹೇಬ್ರೇ, ಮೀನು ಹಾಳಾಗುತ್ತೆ. ಮಿಕ್ಕ ಜಗಳ ಊಟ ಆದ್ಮೇಲೆ ಇಟ್ಕೊಳ್ಳಿ. ನಮಗೂ ಅಡಿಗೆ ಇದೆ, ಕೇಳ್ತಾ ಕೂತ್ರೆ ಇಲ್ಲೂ ಒಲೆ ಹತ್ತಲ್ಲ."

ಬಿಸಿಲು ಓರೆಯಾಗುವ ಹೊತ್ತಿಗೆ ಮೀನಿನ ಪೊರೆ ಕೆರೆದು ತೊಳೆಯಲು ಅವಳು ಹೊಳೆಗೆ ಇಳಿದಳು. ಈ ಸಲ ಮಂಡಿ ದಾಟಿದ ಮೇಲೂ ನಿಲ್ಲಲಿಲ್ಲ. ಸೊಂಟದವರೆಗೆ ಹೋಗಿ, ಹರಿವಿಗೆ ಎದುರಾಗಿ ನಿಂತು, ಹಿಮದಂಥ ನೀರು ಇರಿದಾಗೆಲ್ಲ ಹೂ ಹೂ ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು. ದಡದಲ್ಲಿ ಕೂತಿದ್ದ ಅವನ ಮೈ ಅರ್ಧ ಎದ್ದಿತು. ತನ್ನ ಮೈ ಅರ್ಧ ಎದ್ದದ್ದನ್ನು ಅವನು ನೋಡಿದ, ಬೀದಿಯಲ್ಲಿ ಇನ್ಯಾರೋ ಎಡವಿದ್ದನ್ನು ನೋಡುವ ಹಾಗೆ, ಮತ್ತೆ ಕೂತ. ಕೈಗಳನ್ನು ಎಲ್ಲಿಡಬೇಕೆಂಬ ಯೋಚನೆ ಬರಲಿಲ್ಲ. ಹಿಂದಕ್ಕೆ ಊರಿ ಕಲ್ಲಿನ ಬಿಸಿಗೆ ಅಂಗೈ ಒತ್ತಿದ್ದ. ಹಸಿವಾಗುತ್ತಿತ್ತು. ಇದು ಅವಳಿಗೆ ಊಟದ ಹೊತ್ತು ಎಂಬ ನೆನಪಲ್ಲ, ತನ್ನದೇ ಹೊಟ್ಟೆಯ ತನ್ನದೇ ಹಸಿವು. ಎದುರಿನ ಗುಡ್ಡದ ಮೇಲೆ ಬೆಳಕು ಸರಿಯುತ್ತಿತ್ತು. ಅದನ್ನು ಯಾರಿಗೂ ವರದಿ ಮಾಡಬೇಕಾಗಿರಲಿಲ್ಲ. ಅವಳೂ ನೀರಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು.

ಗ್ಯಾಸ್ ಒಲೆ ಬೇಡ, ಸೌದೆ ಹಾಕಿ ಎಂದು ಅವಳೇ ಹೇಳಿಹೋಗಿದ್ದಳು. ಅವನು ಹಾಕಿದ್ದ ಬೆಂಕಿ ಒಂದಷ್ಟು ಉರಿದು ಕುಗ್ಗಿ ಈಗ ಬರಿಯ ಹೊಗೆಯಾಗಿತ್ತು.

"ಅಲ್ಲಿ ಕೂತು ಏನು ನೋಡ್ತಿದ್ದೀರಿ? ಬೆಂಕಿ ಆರ್ತಿದೆ," ಎಂದು ಅವಳು ನೀರಿನಿಂದ ಕೂಗಿದಳು.

ಎದ್ದೆ ಎನ್ನಲು ಬಾಯಿ ತೆರೆದ. ಹೊರಟದ್ದು ಬೇರೆ. "ನಿನಗೆ ಬೇಕಾದ್ರೆ ನೀನೇ ಬಂದು ಹಚ್ಚು. ನನಗೆ ಸುಸ್ತಾಗಿದೆ," ಅಂದ.

ದಬದಬ ನೀರು ತುಳಿಯುತ್ತ, ಗೊಣಗುತ್ತ, ಸೀರೆಯ ಅಂಚಿನಿಂದ ನೀರು ಸುರಿಸುತ್ತ ಅವಳು ದಡ ಹತ್ತಿ ಬಂದಳು. ಮೀನಿನ ಪಾತ್ರೆಯನ್ನು ಅವನ ತೊಡೆಯ ಮೇಲೆ ಕುಕ್ಕಿದಳು. "ಆಚೆ ಸರೀರಿ," ಎಂದು ಮೊಣಕೈಯಿಂದ ನೂಕಿ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸೌದೆಗಳನ್ನು ಹಾಳೆ ಜೋಡಿಸಿದಂತೆ ಜೋಡಿಸಿ, ಕೆನ್ನೆ ತುಂಬಿಕೊಂಡು ಊದಿದಳು. ಬೂದಿ ಎದ್ದಿತು. ಮತ್ತೆ ಉದ್ದಕ್ಕೆ, ತುದಿಯವರೆಗೂ, ಒಂದೇ ಉಸಿರಿನಲ್ಲಿ ಊದಿದಳು. ಹೊಗೆಯೆಲ್ಲ ಅವನ ಕಡೆಗೇ ತಿರುಗಿತು. ಅವನಿಗೆ ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ಪಾತ್ರೆಯನ್ನು ಹಿಡಿದುಕೊಂಡೇ ಬಾಗಿ ಬಾಗಿ ಕೆಮ್ಮಿದ. ಅವಳು ತಿರುಗಿ ನೋಡದೆ, ಇನ್ನೊಂದು ಸಲ ಎದೆ ತುಂಬಿಕೊಂಡಳು.